ತಗೀರಿ ಅಂದದ್ದು

ಅಗರಖೇಡದ ದೇಶಪಾಂಡೆಯವರ ಬಂಗಲೆಯಲ್ಲಿ ಚಳಿ ಕಾಯಿಸಲೆಂದು ಗೋಡೆಯೊಳಗೆ ಕಟ್ಟಿದ ಬೆಂಕಿಗೂಡು ತುಸು ಎಡಕ್ಕೆ ವಾಲಿದೆ. ಇಂಡಿ ತಾಲೂಕಿನಲ್ಲಿ ಇಷ್ಟು ಗುರುತರವಾದ ಸಂಗತಿ ಈಚೆಗೆ ಬೇರೊಂದು ಘಟಿಸಿಲ್ಲ. ಅದನ್ನು ನೆಟ್ಟಗೆ ಮಾಡಬೇಕೋ, ವಾಲಿದ್ದನ್ನು ವಾಲಿದಂತೆಯೇ ಕಾಪಾಡಬೇಕೋ ಎಂದು ಪುಣೆಯಿಂದ ಬಂದ ಹಳೆಯ ಕಟ್ಟಡಗಳ ತಜ್ಞ ಪಾರ್ಥ ಒಂದು ಸಭೆಯನ್ನೇ ಕರೆದ. ಬೇಸಿಗೆಯಲ್ಲಿ ಗೋಡೆಗೆ ಬೆನ್ನು ಕೊಟ್ಟರೆ ಸುಡುವ ಊರು. ಗೂಡಿನೊಳಗೆ ಇಂದಿನವರೆಗೆ ಯಾರೂ ಬೆಂಕಿ ಹಾಕಿದ್ದಿಲ್ಲ.

ಮನೆತನದ ಹಿರಿಯರೊಬ್ಬರು ಸೊಲ್ಲಾಪುರದಲ್ಲಿ ಯಾವನೋ ಸಾಹೇಬನ ಮನೆ ನೋಡಿ ಬಂದು, ಅಂಥದೇ ಬೇಕೆಂದು ಹಟ ಹಿಡಿದು ಕಟ್ಟಿಸಿದ್ದರು. ಮೇಲೆ ಕೆಳಗೆ ಸರಿಯುವ ಕಿಟಕಿಗಳು, ಬಾಗಿಲ ನೆತ್ತಿಯಲ್ಲಿ ಬೀಸಣಿಗೆಯಾಕಾರದ ಗಾಜು, ಎಡಕ್ಕೊಂದು ಕೋಣೆಯಿದ್ದರೆ ಬಲಕ್ಕೂ ಅದೇ ಅಳತೆಯದು. ಪಾರ್ಥ ಇದನ್ನು ಜಾರ್ಜಿಯನ್ ಅಂದ, ಅಂದರೆ ಹಳೆಯ ಇಂಗ್ಲಿಷ್ ಜಾರ್ಜ್ ರಾಜರ ಕಾಲದ ಶೈಲಿ. ಬಂಗಲೆಯ ಒಡೆಯ ಸಂಕರ್ಷಣ ಆ ಶಬ್ದವನ್ನು ಬಾಯಿಪಾಠ ಮಾಡಿಕೊಂಡ. ಪ್ರವಾಸಿಗರ ವಸತಿಗೃಹವಾಗಲಿರುವ ಮನೆಗೆ ಅಂಥದೊಂದು ಶಬ್ದ ಬೇಕಿತ್ತು.

ನಕ್ಷೆಯ ಪ್ರಕಾರ ಹಿಂದಿನ ಕೋಣೆ ಗ್ರಂಥಾಲಯ. ಗ್ರಂಥಗಳು ಬರಲಿಲ್ಲವಾಗಿ ಹೆಂಗಸರು ಅದನ್ನು ಬಾಣಂತಿ ಕೋಣೆ ಮಾಡಿಕೊಂಡಿದ್ದರು. ಸಂಕರ್ಷಣನ ತಂಗಿ ಮುಕ್ತಾ ಹೆತ್ತದ್ದು ಅಲ್ಲಿಯೇ. ಐದನೆಯ ರಾತ್ರಿ ಸಟವಿ ದೇವಿ ಬಂದು ಹಣೆಬರಹ ಬರೆಯುತ್ತಾಳೆಂದು ಪೂಜೆ ಮಾಡಿ, ಅಜ್ಜಿ ಕೂಸಿನ ಅಂಗೈಯನ್ನು ಕುಂಕುಮದಲ್ಲಿ ಅದ್ದಿ ಗೋಡೆಗೆ ಒತ್ತಿದ್ದಳು. ಸಟವಿ ಬಹಳ ಬರೆದಿರಲಿಲ್ಲ. ತೊಟ್ಟಿಲಿಗೆ ಹಾಕುವ ಮೊದಲೇ ಕೂಸು ಹೋಯಿತು. ಹೆಸರಿಲ್ಲ, ಫೋಟೋ ಇಲ್ಲ. ಇದ್ದದ್ದು ಗೋಡೆಯ ಮೇಲಿನ ಆ ಅಂಗೈ. ಆಮೇಲೆ ಮುಕ್ತಾಗೆ ಮಕ್ಕಳಾಗಲಿಲ್ಲ. ತವರಿಗೆ ಬಂದಾಗಲೆಲ್ಲ ಏನೋ ಹುಡುಕುವ ನೆವದಲ್ಲಿ ಆ ಕೋಣೆಗೆ ಹೋಗಿ ಬರುತ್ತಿದ್ದಳು. ಯಾರೂ ಏನೆಂದು ಕೇಳುತ್ತಿರಲಿಲ್ಲ.

ಗೋಡೆಗೆಲ್ಲ ಸುಣ್ಣ ಬೀಳುತ್ತದೆ ಎಂಬ ಸುದ್ದಿ ಬಸವನ ಬಾಗೇವಾಡಿಯ ಗಂಡನ ಮನೆಗೆ ಮುಟ್ಟಿದಾಗ ಮುಕ್ತಾ ಕಾಲು ಮುರಿದುಕೊಂಡು ಮಲಗಿದ್ದಳು. ಅಣ್ಣನಿಗೆ ಫೋನ್ ಮಾಡಿದರೆ ಅವನು ಕಿಟಕಿ ಸರಿಸುವ ಹಗ್ಗದ ಚಿಂತೆಯಲ್ಲಿದ್ದ. ಕಡೆಗೆ ಬಂಗಲೆಯ ಕೆಲಸ ಹಿಡಿದಿದ್ದ ಸಿಂದಗಿಯ ಗುತ್ತಿಗೆದಾರ ಚೇತನಕುಮಾರನನ್ನು ಫೋನಿನಲ್ಲಿ ಹಿಡಿದಳು.

"ಬಾಣಂತಿ ಖೋಲಿ ಗ್ವಾಡಿ ಮ್ಯಾಲೆ ಸಣ್ಣ ಕೈ ಗುರ್ತು ಅದ. ಸುಣ್ಣಾ ಹಚ್ಚೂ ಮೊದಲ ಅದನ್ನ ಚಂದಂಗ ತಗೀರಿ," ಅಂದಳು.

"ತಗೀತೇವ್ರಿ ಅಕ್ಕಾರ. ಚಿಂತಿ ಬಿಡ್ರಿ."

ಮುಕ್ತಾಳ ಮನೆಯಲ್ಲಿ ರಂಗೋಲಿ ತಗೀತಾರೆ, ಚಿತ್ರ ತಗೀತಾರೆ, ನಕಾಶೆ ತಗೀತಾರೆ. ಕಾಗದ ಹಚ್ಚಿ ಪೆನ್ಸಿಲಿನಿಂದ ಅಂಚು ತಗೀರಿ ಎಂಬುದು ಅವಳ ಅರ್ಥ. ಚೇತನಕುಮಾರನ ಮನೆಯಲ್ಲಿಯೂ ಇವೆಲ್ಲ ತಗೀತಾರೆ. ಆದರೆ ಅವನ ಕಸುಬಿನಲ್ಲಿ ಗೋಡೆಯ ಮೇಲಿಂದ ತಗೆಯುವುದೆಂದರೆ ಒಂದೇ.

ಕಾಲು ಕೂಡಿದ ಮೇಲೆ ಮುಕ್ತಾ ಬಂದಳು. ಸಂಕರ್ಷಣ ಒಂದೊಂದೇ ಕೋಣೆ ತೋರಿಸಿದ. ಕಿಟಕಿ ಸರಿಸಿ ತೋರಿಸಿದ, ಒರಿಜಿನಲ್ ತಿರುಪು ತೋರಿಸಿದ. ಹಿಂದಿನ ಕೋಣೆಯಲ್ಲಿ ಗೋಡೆ ಹಾಲಿನಂತೆ ಬೆಳ್ಳಗಿತ್ತು. ಅವಳು ಜೊತೆಗಿದ್ದ ಚೇತನಕುಮಾರನ ಮುಂದೆ ಕೈ ಚಾಚಿ, ತಗದದ್ದು ಕೊಡ್ರಿ ಅಂದಳು.

ಅವನಿಗೆ ತಿಳಿಯಲಿಲ್ಲ. ಹೊಗಳಿಕೆಯ ನಿರೀಕ್ಷೆಯಲ್ಲಿದ್ದವನು ಹೇಳಿದ: "ಬಾಳ ಹಟಮಾರಿ ಇತ್ರಿ ಅದು. ಸುಣ್ಣದಾಗ ಮುಚ್ಚಿದ್ರ ಮುಗೀತಿತ್ತು, ನೀವು ಹೇಳೀರಿ ಅಂತ ಕೆರದು ಕೆರದು ತಗದೇವಿ. ಕೈಯಾಡಿಸಿ ನೋಡ್ರಿ, ಒಂದೀಟೂ ಉಳದಿಲ್ಲ."

ಮುಕ್ತಾ ಕೈಯಾಡಿಸಿದಳು. ಕೆರೆದ ಗಾರೆ ಎಲ್ಲಿ ಹೋಯಿತೆಂದು ಕೇಳಿದಳು. ಅಂಗಳಕ್ಕೆ ಫರಸಿ ಕಲ್ಲು ಹಾಸುವಾಗ ಕೆಳಗೆ ಹಾಕಿದ್ದರು. ಎಷ್ಟನೆಯ ಫರಸಿಯೆಂದು ಯಾರಿಗೂ ನೆನಪಿರಲಿಲ್ಲ. ಅವಳು ಬಾಯಿ ಬಿಡದಿದ್ದರೆ ಅಂಗೈ ಸುಣ್ಣದ ಕೆಳಗಾದರೂ ಇರುತ್ತಿತ್ತು.

ಚಲೋ ಆಗ್ಯದ ಕೆಲಸ, ಅಂದಳು ಮುಕ್ತಾ. ಚಹಾ ಕುಡಿದು ಸಂಜೆಯ ಬಸ್ಸಿಗೆ ಬಾಗೇವಾಡಿಗೆ ಹೋದಳು. ಮತ್ತೆ ತವರಿಗೆ ಬರಲಿಲ್ಲ.