ಗ್ಯಾಸು ಎಣ್ಣೆಯಾಗುವ ಹೊತ್ತು

ಶವಪೆಟ್ಟಿಗೆ ಮುಚ್ಚಲು ಮುಚ್ಚಳ ಎತ್ತಿಕೊಂಡವರನ್ನು ಆಕೆ ಕೈ ಅಡ್ಡ ಹಿಡಿದು ತಡೆದಳು. ಗಂಡನ ಪಾಳಿಯವರು ಇನ್ನೂ ಬಂದಿಲ್ಲ, ಬರಲಿ ಎಂದಳು. ಮೈದುನನಿಗೆ ರೇಗಿತು. ಜೀವಮಾನವೆಲ್ಲ ಆ ಕಾರ್ಖಾನೆಗೆ ತೇಯ್ದ ಮನುಷ್ಯ, ಇವತ್ತು ಅಲ್ಲಿಂದ ಒಂದು ನರಪಿಳ್ಳೆಯೂ ಸುಳಿದಿಲ್ಲವಲ್ಲ ಎಂದು ನೆರೆದವರಿಗೆಲ್ಲ ಕೇಳುವಂತೆ ಗೊಣಗಿದ. ಆಕೆಗೂ ಅದೇ ಸಂಕಟ. ಗಂಡನಿಗೆ ಅವರೇ ಹೆಗಲು ಕೊಡಬೇಕು. ಅವಳಿಗೆ ಇದ್ದದ್ದು ಅದೊಂದೇ ಆಸೆ.

ಅಷ್ಟರಲ್ಲಿ ಫೋನು ಬಂತು. ಗಂಡ ಕೈಹಿಡಿದು ಕೆಲಸ ಕಲಿಸಿದ ಆಪರೇಟರ್, ಎಲ್ಲರ ಬಾಯಲ್ಲೂ ‘ಮೀಸೆ’. ರಿಪೇರಿ ಮುಗಿದು ಬೆಳಿಗ್ಗೆಯಷ್ಟೇ ರಿಯಾಕ್ಟರಿಗೆ ಗ್ಯಾಸು ಬಿಟ್ಟಿದ್ದರಂತೆ. ಅದು ಎಣ್ಣೆಯಾಗತೊಡಗುವ ಹೊತ್ತಿನಲ್ಲಿ ಶಾಖ ಕೈಮೀರಿದರೆ ಒಳಗೆ ತುಂಬಿದ, ಗ್ಯಾಸನ್ನು ಎಣ್ಣೆ ಮಾಡುವ ದುಬಾರಿ ಪುಡಿಯೆಲ್ಲ ಸುಟ್ಟು ಹಾಳು, ತಿಂಗಳುಗಟ್ಟಲೆ ಪಟ್ಟ ಪಾಡು ಮಣ್ಣುಪಾಲು. ಪಾಳಿಯವರು ಯಾರೂ ಕಾರ್ಖಾನೆ ಬಿಟ್ಟು ಕದಲುವಂತಿಲ್ಲ.

“ಅಕ್ಕಾ, ನೀವು ಹೂಂ ಅಂದ್ರೆ ಗ್ಯಾಸ್ ನಿಲ್ಸಿ ಎಲ್ರೂ ಬಂದುಬಿಡ್ತೀವಿ,” ಎಂದ.

*

ಮದುವೆಯಾದ ಹೊಸತು. ದಿನಗಟ್ಟಲೆ ಮನೆ ಕಡೆ ತಲೆ ಹಾಕದ ಗಂಡ ಒಂದು ಬೆಳಿಗ್ಗೆ ಸೀಸೆ ಹಿಡಿದು ಬಂದಿದ್ದ. ಒಳಗಿನದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅತ್ತೆ ನೀರೆಂದುಕೊಂಡು ಅದನ್ನು ಗುಲಾಬಿ ಕುಂಡಕ್ಕೆ ಸುರಿದೇಬಿಟ್ಟರು. ಅದು ತಾನು ಮಾಡಿದ ಮೊದಲ ಡೀಸೆಲ್ಲು, ಮೊನ್ನೆಯವರೆಗೂ ಗಾಳಿಯ ಹಾಗೆ ಕೈಗೆ ಸಿಗದ ಗ್ಯಾಸಾಗಿತ್ತು ಎಂದು ಹೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಗುಲಾಬಿ ಗಿಡ ಸತ್ತಿತು. ಅವಳ ಮುನಿಸು ಮಾತ್ರ ಇಳಿಯಲಿಲ್ಲ.

“ಹಾಲು ಒಲೆ ಮೇಲಿಟ್ಟು ನೀನು ಬೀದಿಗೆ ಹೋಗ್ತೀಯಾ?” ಎಂದು ಕೇಳಿದ್ದ. “ನನ್ನ ಕೆಲ್ಸನೂ ಹಂಗೇನೆ ಕಣೆ.”

*

“ಬೇಡಪ್ಪ,” ಎಂದಳು ಆಕೆ ಫೋನಿನಲ್ಲಿ. “ನೀವು ಬಿಟ್ಟು ಬಂದ್ರೆ ಅವರು ಎದ್ದು ಕೂತು ಬೈತಾರೆ. ಸ್ಮಶಾನಕ್ಕೆ ಹೋಗ್ತಾ ನಾವೇ ಕಾರ್ಖಾನೆ ಕಡೆಯಿಂದ ಬರ್ತೀವಿ.”

ಸುತ್ತುದಾರಿ ಎಂದು ಮೈದುನ ರಾಗ ತೆಗೆದ. ಆಗಲಿ ಎಂದಳು.

ಕೈ ಬಿಡುವಿದ್ದವರೆಲ್ಲ ಹೆಲ್ಮೆಟ್ ತೆಗೆದು ಗೇಟಿನಲ್ಲಿ ನಿಂತಿದ್ದರು. ವ್ಯಾನಿನಿಂದ ಪೆಟ್ಟಿಗೆ ಇಳಿಸಿ, ಕಂಟ್ರೋಲ್ ರೂಮಿನ ಕಿಟಕಿಯವರೆಗೂ ಹೆಗಲ ಮೇಲೆ ಹೊತ್ತು ತಂದರು. ಅವಳಿಗೆ ದುಃಖ ಉಕ್ಕಿ ಬಂತು, ಅದರ ಜೊತೆಗೇ ಹೇಳತೀರದ ಹೆಮ್ಮೆಯೂ. ಗಾಜಿನಾಚೆ ಒಬ್ಬೊಬ್ಬರಾಗಿ ಎದ್ದು ನಿಂತರು. ಮೀಸೆ ಏಳಲಿಲ್ಲ.

“ನೋಡಿ ಅತ್ತಿಗೆ, ತಿರುಗಿ ಸಹ ನೋಡ್ಲಿಲ್ಲ,” ಎಂದ ಮೈದುನ.

ಆಕೆ ಗಾಜಿನ ಹತ್ತಿರ ಹೋದಳು. ಗಂಡ ಕೂರುತ್ತಿದ್ದ ಕುರ್ಚಿಯಲ್ಲಿ ಕೂತವನ ಕೆನ್ನೆಗಳೆರಡೂ ಒದ್ದೆಯಾಗಿದ್ದವು. ಒರೆಸಿಕೊಳ್ಳಲೂ ಕೈ ಎತ್ತದೆ, ಪರದೆಯ ಮೇಲೆ ಏರುತ್ತಿದ್ದ ಶಾಖದ ಗೆರೆಯಿಂದ ಅವನು ಕಣ್ಣು ಕೀಳದೆ ಕೂತಿದ್ದ.