ಮೆತ್ತನೆಯ ತೋಟಾ

ನೆಡ್ರಾ ಅಂಗಡಿಗೆ ಹೋದದ್ದು ಮೆತ್ತನೆಯ ತೋಟಾ ತರೋಣವೆಂದು. ತಂದದ್ದು ಮಾತ್ರ ಕರಡಿ ಹೊಡೆಯುವ ತೋಟಾ. ಗಲ್ಲಾಪೆಟ್ಟಿಗೆಗೆ ಒರಗಿಕೊಂಡು ನಾಲ್ಕಾರು ಗಂಡಸರು ಕಾಫಿ ಹೀರುತ್ತಿದ್ದರು. ಅವರೆದುರು ‘ಭುಜಕ್ಕೆ ಕಡಿಮೆ ಒದೆಯುವಂಥದ್ದು ಇದೆಯೇ’ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅಂಗಡಿಯ ಡ್ವೇನ್ ಕಪಾಟಿನಲ್ಲಿ ಉಳಿದಿದ್ದ ಒಂದೇ ಡಬ್ಬಿ ತೆಗೆದು, “ಇದನ್ನ ತಡ್ಕೋತೀರಾ?” ಎಂದ. ಹಾಗೆ ಕೇಳಿಸಿಕೊಂಡ ಮೇಲೂ ಬರಿಗೈಯಲ್ಲಿ ಹೊರಗೆ ಬರುವ ಹೆಂಗಸು ಲೆಮ್ಹಾಯ್ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ನೆಡ್ರಾ ಡಬ್ಬಿ ಎತ್ತಿಕೊಂಡು ನೇರವಾಗಿ ಆರ್ಡನ್ ಮಾವನ ಗ್ಯಾರೇಜಿಗೆ ಬಂದಳು.

ಅವಳ ತಾಯಿಯ ತಮ್ಮ ಆರ್ಡನ್. ಮನೆಯಲ್ಲೇ ತೋಟಾ ತುಂಬುವುದರಲ್ಲಿ ಪಳಗಿದ ಕೈ, ಬಾಯಿ ಅದಕ್ಕಿಂತ ಪಳಗಿದ್ದು. ಡಬ್ಬಿ ನೋಡಿದವನೇ ನಕ್ಕ.

“ಏನೇ ಇದು? ಎಲ್ಕ್ ಹೊಡೀತೀಯೋ, ಲಾರಿ ಉರುಳಿಸ್ತೀಯೋ?”

“ಅದೊಂದೇ ಇತ್ತು ಮಾವ.”

“ಒಂದೇ ಇತ್ತಂತೆ! ಜಂಬ ಇತ್ತು ಅನ್ನು. ನಿಮ್ಮಮ್ಮನೂ ಹಿಂಗೇ. ಭುಜ ನೀಲಿಗಟ್ಟಿದ್ರೂ ಏನಾಗಿಲ್ಲ ಅಂತಿದ್ಲು.”

ನೆಡ್ರಾ ನಗಲಿಲ್ಲ. ತಾಯಿ ಬಿಟ್ಟುಹೋದ, ಲಿವರ್ ಎಳೆದು ತೋಟಾ ಏರಿಸುವ ಕೋವಿಯ ಗುಂಡು ಹೆಬ್ಬೆರಳಿನ ದಪ್ಪ, ಒದೆತವೂ ಅದಕ್ಕೆ ತಕ್ಕ ಹಾಗೆ. ಹೋದ ವರ್ಷ ಅವಳು ಅದರಿಂದ ಕಡವೆಯಂಥ ಒಂದು ಹೆಣ್ಣು ಎಲ್ಕಿಗೆ ಹೊಡೆದಿದ್ದಳು. ಕೋವಿಯ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿತು, ಭುಜ ಬೆಚ್ಚಿತು, ಗುಂಡು ಹೋಗಿ ಕಾಲಿಗೆ ಬಡಿಯಿತು. ಕತ್ತಲಾಗುವವರೆಗೆ ರಕ್ತದ ಜಾಡು ಹಿಡಿದು ಅಲೆದರೂ ಪ್ರಾಣಿ ಸಿಗಲಿಲ್ಲ. ಎಲ್ಲೋ ನರಳಿ ಸತ್ತಿರಬೇಕು ಎಂಬ ಯೋಚನೆ ಇವತ್ತಿಗೂ ಅವಳನ್ನು ಬಿಟ್ಟಿರಲಿಲ್ಲ.

“ಶನಿವಾರ ಬೇಟೆ ಶುರು. ಅಷ್ಟರಲ್ಲಿ ಈ ಬೆಚ್ಚೋದು ನಿಲ್ಲದಿದ್ರೆ ಕೋವಿ ಮಾರಿಬಿಡ್ತೀನಿ ಮಾವ. ಇನ್ನು ಕಾಡಿಗೆ ಕಾಲಿಡಲ್ಲ.”

ಮಾವ ಸಮಾಧಾನ ಹೇಳುವ ಜಾತಿಯಲ್ಲ. “ಹೊಡೆದ ಖಾಲಿ ತೋಟಾ ತಂದಿದ್ಯಾ? ಕೊಡು ಇಲ್ಲಿ,” ಎಂದು ರೇಡಿಯೋ ಆರಿಸಿದ. ಮದ್ದು ಸುರಿಯುವಾಗ ಅವನ ಗ್ಯಾರೇಜಿನಲ್ಲಿ ಯಾರೂ ಮಾತಾಡುವಂತಿಲ್ಲ, ಅವನೂ ಸೇರಿ. ಅದೊಂದು ಹೊತ್ತು ಮಾತ್ರ ಆ ಬಾಯಿಗೆ ಬೀಗ. ನೆಡ್ರಾ ಖಾಲಿ ಹಿತ್ತಾಳೆ ತೋಟಾಗಳ ಬುಡಕ್ಕೆ ಕಿಡಿ ಹಾರಿಸುವ ಕೇಪು ಒತ್ತಿ ಕೊಟ್ಟಳು. ಅವನು ಪುಸ್ತಕ ಹೇಳುವ ಅತಿ ಕಡಿಮೆ ಅಳತೆಯ ಮದ್ದು ತೂಗಿ ಸುರಿದ. ಆಮೇಲೆ ಇಬ್ಬರೂ ಟಾರ್ಚ್ ಹಿಡಿದು ಒಂದೊಂದರ ಒಳಗೂ ಇಣುಕಿದರು. ಯಾವುದಕ್ಕಾದರೂ ಎರಡು ಸಲ ಮದ್ದು ಬಿದ್ದಿದ್ದರೆ ಕೋವಿಯ ಜೊತೆ ಮುಖವೂ ಹೋದಂತೆ. ಕೊನೆಗೆ ಮೊಂಡು ಮೂತಿಯ ಸೀಸದ ಗುಂಡು ಕೂರಿಸಿ, ತೋಟಾಗಳ ಬಾಯಿ ಬಿಗಿದದ್ದಾಯಿತು.

ಮರುದಿನ ಊರಾಚೆಯ ಜಲ್ಲಿ ಗುಂಡಿಯಲ್ಲಿ ಮಣ್ಣಿನ ದಿಬ್ಬಕ್ಕೆ ಕಾಗದದ ತಟ್ಟೆ ಸಿಕ್ಕಿಸಿ ನೆಡ್ರಾ ಹೊಡೆದಳು. ಒದೆತ ನಿಜಕ್ಕೂ ಮೆತ್ತಗಿತ್ತು. ಆದರೂ ಗುಂಡುಗಳೆಲ್ಲ ತಟ್ಟೆಯ ಕೆಳಗೆ ಮಣ್ಣು ಹಾರಿಸಿದವು.

“ಒದೆತ ಕಮ್ಮಿಯಾಗಿದೆ, ನಿನ್ನ ಹೆದರಿಕೆ ಕಮ್ಮಿಯಾಗಿಲ್ಲ,” ಎಂದ ಮಾವ. “ಈಗ ನೀನು ತಟ್ಟೆ ನೋಡ್ತಾ ಇರು. ತೋಟಾ ನಾನು ಹಾಕ್ತೀನಿ. ಕತ್ತು ತಿರುಗಿಸಿದ್ರೆ ನೋಡು!”

ಪಕ್ಕದಲ್ಲಿ ನಿಂತು ಅವನು ತೋಟಾ ತುರುಕಿದ. ಅವಳು ಲಿವರ್ ಎಳೆದು, ಗುರಿ ಹಿಡಿದು, ಕುದುರೆ ಒತ್ತಿದಳು. ಟಕ್ ಎಂದಿತು, ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ. ನಳಿಗೆ ಮಾತ್ರ ಗೇಣುದ್ದ ಕೆಳಗೆ ಬಾಗಿತ್ತು.

“ಅದರಲ್ಲಿ ಮದ್ದೂ ಇಲ್ಲ, ಕೇಪೂ ಇಲ್ಲ,” ಎಂದ ಮಾವ. “ಹಾಗಾದ್ರೆ ನಿನ್ನನ್ನ ಒದ್ದಿದ್ದು ಯಾರೇ?”

ನೆಡ್ರಾಳ ಮುಖ ಕೆಂಪಾಯಿತು. “ಮೋಸಗಾರ ಮುದುಕ!” ಎಂದು ಬೈದಳು. ಬೈಯುತ್ತಲೇ ನಗು ಬಂತು, ಅದೂ ಹೋದ ವರ್ಷದಿಂದ ಅವಳಿಗೆ ಮರೆತೇಹೋಗಿದ್ದ ನಗು.

“ಬಯ್ಯಿ, ಪರವಾಗಿಲ್ಲ. ಇನ್ನೊಂದು ಹಾಕ್ತೀನಿ. ಯಾವುದು ಅಂತ ಹೇಳಲ್ಲ.”

ಒಮ್ಮೆ ಢಂ, ಒಮ್ಮೆ ಟಕ್. ಮತ್ತೆ ಟಕ್. ಮೊದಮೊದಲು ಅವಳು ಊಹಿಸಲು ನೋಡಿದಳು, ಪ್ರತಿ ಸಲವೂ ತಪ್ಪಿತು. ಮಾವನಂಥ ಖದೀಮನ ಮನಸ್ಸು ಓದುವುದು ಯಾರಿಂದ ಸಾಧ್ಯ? ಬೇಸತ್ತು ಊಹಿಸುವುದನ್ನೇ ಬಿಟ್ಟಳು. ಉಸಿರು ಅರ್ಧ ಬಿಟ್ಟು, ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲೆಂದಿದ್ದ ಹಿತ್ತಾಳೆಯ ಮಣಿಯನ್ನಷ್ಟೇ ನೋಡುತ್ತ ಬೆರಳು ಮಡಿಚತೊಡಗಿದಳು. ತಟ್ಟೆಯ ಅಂಚಿನಲ್ಲೊಂದು ತೂತು ಬಿತ್ತು. ಆಮೇಲೆ ಒಳಗೊಂದು.

ಮುಂದಿನದು ಟಕ್ ಎಂದಿತು. ಮಣಿ ತಟ್ಟೆಯ ನಡುವೆ ಇಟ್ಟಲ್ಲೇ ಇತ್ತು, ಒಂದು ಕೂದಲೆಳೆಯೂ ಕದಲಿರಲಿಲ್ಲ.

ಅವಳು ಕೋವಿ ಇಳಿಸಲಿಲ್ಲ. ಇಳಿಸಿದರೆ ಸುಳ್ಳಾಗಿಬಿಡುವುದೇನೋ ಎಂಬಂತೆ ಅದೇ ಮಣಿಯನ್ನು ನೋಡುತ್ತ ನಿಂತಳು. ಕಣ್ಣು ತುಂಬಿ ತಟ್ಟೆ ಮಂಜಾಯಿತು. ಮಾವ ಉಳಿದ ತೋಟಾಗಳನ್ನು ಜೇಬಿಗಿಳಿಸಿದ.

“ಮಾವ,” ಎಂದಳು, “ಶನಿವಾರ ಎಷ್ಟು ಹೊತ್ತಿಗೆ ಹೊರಡೋಣ?”