ನೇಪಲ್ಸಿಗೆ ಪ್ರಸ್ಥಾನ

ಇಟಲಿಯ ನೇಪಲ್ಸಿಗೇ ಹೋಗಬೇಕು ಎಂದು ಕಲ್ಯಾಣಿ ಹಟ ಹಿಡಿದಾಗ ಗಂಡ ನರಸಿಂಹಮೂರ್ತಿ ಮೂಗು ಮುರಿದರು. ಕಂಡಕಂಡವರು ಬೀದಿಗೆ ಅಡ್ಡಲಾಗಿ ಒಣಹಾಕಿದ ಬಟ್ಟೆ ನೋಡಲು ವಿಮಾನ ಹತ್ತಬೇಕೇ ಎಂದರು. ಕಸ, ಜೇಬುಗಳ್ಳರು, ಮೈಮೇಲೇ ಬರುವ ಸ್ಕೂಟರುಗಳು ಎಂದು ಹೆದರಿಸಿದರು. ಅಯ್ಯೋ, ಆಕೆಗೆ ಬೇಕಾಗಿದ್ದದ್ದೇ ಅದು! ಇಂಗ್ಲೆಂಡಿನ ಪಿನ್ನರ್‌ನ ಅವರ ಬೀದಿಯಲ್ಲಿ ನಾಯಿ ಬೊಗಳಿದರೆ ಯಜಮಾನ ಬಂದು ಕ್ಷಮೆ ಕೇಳಿಹೋಗುತ್ತಾನೆ. ಅಂಥ ಕಡೆ ಬದುಕಿ, ರಜೆ ಬಂದಾಗಲೆಲ್ಲ ನೆಂಟರ ಮದುವೆಗೆಂದು ಬೆಂಗಳೂರಿಗೆ ಓಡಿ ಆಯುಸ್ಸು ಸವೆಸಿದವಳಿಗೆ ಒಂದು ಗಲಾಟೆಯ ಊರು ಬೇಕಿತ್ತು.

ಕೊನೆಗೂ ಮೂರ್ತಿಗಳು ಒಪ್ಪಿದರು, ಒಂದು ಷರತ್ತಿನ ಮೇಲೆ. ಅಪಶಕುನವಾದರೆ ಟಿಕೆಟ್ ರದ್ದು, ಮತ್ತೆಂದೂ ಇಂಥ ಪ್ರವಾಸದ ಮಾತೆತ್ತಕೂಡದು. ಕಲ್ಯಾಣಿ ಹೂಂ ಎಂದ ಮೇಲೆ ಪಂಚಾಂಗ ತೆಗೆದರೆ, ಹೊರಡುವ ಹೊತ್ತಿಗೆ ಸರಿಯಾಗಿ ರಾಹುಕಾಲ.

ಅದಕ್ಕೂ ಅವರ ಬಳಿ ಉಪಾಯವಿತ್ತು, ಪ್ರಸ್ಥಾನ. ಹಿಂದಿನ ದಿನ ಒಳ್ಳೆಯ ಮುಹೂರ್ತದಲ್ಲಿ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಂದರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ. ಆಮೇಲೆ ರಾಹು ಏನು ಬೇಕಾದರೂ ಮಾಡಿಕೊಳ್ಳಲಿ. ಆದರೆ ಆ ಗಂಟು ಮಾತ್ರ ಮನೆಗೆ ವಾಪಸ್ ಬರಕೂಡದು. ಅಕ್ಕಪಕ್ಕದ ಇಂಗ್ಲಿಷರಿಗೆ ಇದನ್ನೆಲ್ಲ ವಿವರಿಸುವವರು ಯಾರು? ಹಾಗಾಗಿ ಕೊಲಿಂಡೇಲ್‌ನಲ್ಲಿ ಫ್ಲ್ಯಾಟ್ ಮಾಡಿಕೊಂಡಿದ್ದ ಪರಿಚಯದ ಬೆಂಗಳೂರು ಹುಡುಗಿ ನೇತ್ರಾಳ ದೇವರ ಗೂಡಿನ ಕೆಳಗೆ ಬಟ್ಟೆಯ ಚೀಲವೊಂದು ಹೋಗಿ ಕುಳಿತಿತು. ಅದರೊಳಗೆ ಅಕ್ಕಿ, ಅರಿಶಿನದ ಕೊಂಬು, ಅಡಿಕೆ. ಯಾವುದಿಲ್ಲದೆ ಹೊರಡಲಾಗದೋ ಅದನ್ನೇ ಇಟ್ಟರೆ ಫಲ ಜಾಸ್ತಿ ಎಂದು ಮೂರ್ತಿಗಳು ಇಬ್ಬರ ಪಾಸ್‌ಪೋರ್ಟನ್ನೂ ತುರುಕಿದರು.

ಮರುದಿನ ಸೂಟ್‌ಕೇಸ್ ಎಳೆದುಕೊಂಡು ಎರಡು ಬಸ್ಸು ಬದಲಾಯಿಸಿ ಕೊಲಿಂಡೇಲ್ ತಲುಪಿದರು. ಮೂರ್ತಿಗಳ ಕೊರಳಲ್ಲಿ ಎಂದಿನ ಕಂದು ಮಫ್ಲರ್. ಫೋನನ್ನು ಬೆಳಿಗ್ಗೆಯೇ ಫ್ಲೈಟ್ ಮೋಡಿಗೆ ಹಾಕಿಕೊಂಡಿದ್ದರು, ಅಷ್ಟು ಮುಂಜಾಗ್ರತೆ. ನೇತ್ರಾ ಕ್ಯಾನರಿ ವಾರ್ಫ್‌ನ ಆಫೀಸಿಗೆ ಹೋಗಿದ್ದಳು. ಬೆಲ್ ಒತ್ತುತ್ತಾ ನಿಂತಿದ್ದಾಗ ಅವಳ ಗಂಡ ರಾಕೇಶ್ ಕಾರಿನ ಕೀ ತಿರುಗಿಸುತ್ತಾ ಲಿಫ್ಟಿನಿಂದ ಇಳಿದ, ಮುಖದ ತುಂಬ ನಗು.

"ಬ್ಯಾಗ್ ಮರೆತುಹೋಗಿದ್ರಲ್ಲಾ ಅಂಕಲ್. ಪಾಸ್‌ಪೋರ್ಟ್ ನೋಡಿ ಎದೆ ಧಸಕ್ ಅಂತು. ಈಗ ತಾನೆ ನಿಮ್ಮನೆ ಪೋರ್ಚಲ್ಲಿ ಇಟ್ಟುಬಂದೆ."

ಪಾಪ, ಪ್ರಸ್ಥಾನ ಎಂಬುದೊಂದಿದೆ ಎಂದು ನೇತ್ರಾ ಅವನಿಗೆ ಹೇಳಿಯೇ ಇರಲಿಲ್ಲ. ಅಂಕಲ್ ಫೋನ್ ಸತ್ತಿತ್ತು. ಬೆಲ್ ಮಾಡಿದರೆ ಯಾರೂ ಬರಲಿಲ್ಲ, ಒಳಗೆ ದೀಪ ಉರಿಯುತ್ತಿತ್ತು, ಸ್ನಾನಕ್ಕೆ ಹೋಗಿರಬೇಕು ಎಂದುಕೊಂಡನಂತೆ.

ಮೂರ್ತಿಗಳು ಸೂಟ್‌ಕೇಸಿನ ಮೇಲೆ ಕುಸಿದು ಕುಳಿತರು. ಮಫ್ಲರಿನಿಂದ ಹಣೆ ಒರೆಸಿಕೊಂಡರು.

"ಗಂಟು ಮನೆಗೇ ವಾಪಸ್ ಬಂತಲ್ಲೇ. ಬೇಡ ಬಿಡು, ಕಲ್ಯಾಣಿ."

ಕಲ್ಯಾಣಿಗೆ ಅಳು ಉಕ್ಕಿಬಂತು, ಅದರ ಹಿಂದೆಯೇ ಸಿಟ್ಟು. ಇವತ್ತು ತಪ್ಪಿದರೆ ಇನ್ನು ಜನ್ಮದಲ್ಲಿ ಇಲ್ಲ.

"ಮನೆಗೆ ಎಲ್ಲಿ ಬಂತ್ರೀ? ಪೋರ್ಚಿಗೆ ಬಂದಿರೋದು. ಚಪ್ಪಲಿ ಬಿಡೋ ಜಾಗ, ಅದು ಮನೆಯಲ್ಲ, ಅಲ್ಲಿ ದೇವರ ಹೂವು ಇಡಬೇಡ ಅಂತ ಇಷ್ಟು ವರ್ಷ ನನ್ನ ಬೈತಾ ಬಂದಿರೋರು ಯಾರು?"

ಮೂರ್ತಿಗಳು ಕಣ್ಣು ಮುಚ್ಚಿದರು. ಒಳಗೆ ಯಾವ ಶಾಸ್ತ್ರದ ಪುಟ ತಿರುವಿದರೋ ಏನೋ.

"ಹೊಸಿಲು ದಾಟಿಲ್ಲ," ಎಂದು ತೀರ್ಪು ಕೊಟ್ಟರು. "ಕಾರ್ ತೆಗಿಯಪ್ಪಾ ರಾಕೇಶ."

ಪಿನ್ನರ್‌ಗೆ ಬಂದರೆ ಇನ್ನೊಂದು ಫಜೀತಿ. ಹೊರಟವರು ತಿರುಗಿ ಕಾಲಿಡುವ ಹಾಗಿಲ್ಲ. ಕಲ್ಯಾಣಿ ಪೋರ್ಚಿನ ಹೊರಗೇ ಬಗ್ಗಿ, ಛತ್ರಿಯ ಕೊಕ್ಕೆ ಒಳಗೆ ತೂರಿಸಿ ಚೀಲವನ್ನು ಮೀನು ಹಿಡಿದಂತೆ ಎಳೆದಳು. ಎಡಕ್ಕೆ, ಇನ್ನೂ ಎಡಕ್ಕೆ ಎಂದು ಗೇಟಿನಾಚೆಯಿಂದ ಗಂಡನ ಮಾರ್ಗದರ್ಶನ. ಪಕ್ಕದ ಮನೆಯ ಅಜ್ಜಿ ಬೇಲಿ ಮೇಲಿಂದ ಇಣುಕಿ, ಕೀ ಕಳೆದುಹೋಯಿತೇ ಎಂದು ವಿಚಾರಿಸಿದರು. ಇಲ್ಲ, ಇದು ಧಾರ್ಮಿಕ ವಿಧಿ ಎಂದು ಮೂರ್ತಿಗಳು ಗಂಭೀರವಾಗಿ ತಿಳಿಸಿದರು. ಅಜ್ಜಿ ತುಂಬಾ ಸಂತೋಷ ಎಂದರು. ಕಾರಿನಲ್ಲಿ ಲೂಟನ್ ವಿಮಾನ ನಿಲ್ದಾಣದವರೆಗೂ ಕಲ್ಯಾಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ನೇಪಲ್ಸ್ ಅವಳ ನಂಬಿಕೆ ಕೆಡಿಸಲಿಲ್ಲ. ಗೋಡೆಯ ಗಾರೆ ಉದುರುತ್ತಿತ್ತು, ಮೂಲೆಯಲ್ಲಿ ಕಸ ಕೊಳೆಯುತ್ತಿತ್ತು, ಕಿಟಕಿಯಿಂದ ಕಿಟಕಿಗೆ ಹೆಂಗಸರು ಜಗಳವಾಡುತ್ತಿದ್ದರು. ಯಾರದೋ ಒದ್ದೆ ಲುಂಗಿಯಂಥ ಬಟ್ಟೆ ಮೂರ್ತಿಗಳ ಬೋಳುತಲೆಯ ಮೇಲೆ ಟಪಟಪ ತೊಟ್ಟಿಕ್ಕಿತು. ಬೈಯಲು ಮುಖ ಎತ್ತಿದವರು ಹಾಗೇ ನಿಂತುಬಿಟ್ಟರು. ಅಂಗಡಿ ಅಂಗಡಿಯಲ್ಲೂ ಕೆಂಪು ಕೊಂಬುಗಳು ತೂಗುತ್ತಿದ್ದವು. ದೃಷ್ಟಿ ತಾಗದಿರಲಿ ಎಂದು ಕಟ್ಟುವುದಂತೆ. ಇವರು ನಮ್ಮವರೇ ಕಣೇ ಎಂದು ಅವರು ಒಂದು ಕೊಂಬು ಕೊಂಡು ಜೇಬಿಗಿಳಿಸಿದರು. ಅಲ್ಲಿಂದಾಚೆಗೆ ಅವರನ್ನು ಹಿಡಿಯುವವರೇ ಇಲ್ಲ. ನಡುಬೀದಿಯಲ್ಲಿ ನಿಂತು ಪಿಜ್ಜಾ ತಿಂದರು, ಸ್ಕೂಟರಿನವರಿಗೆ ಕನ್ನಡದಲ್ಲೇ ದಬಾಯಿಸಿದರು.

ಹೊರಡುವ ದಿನ ಟ್ಯಾಕ್ಸಿಯಲ್ಲಿ ಕುಳಿತ ಮೇಲೆ ಕಲ್ಯಾಣಿ ನೋಡುತ್ತಾಳೆ, ಗಂಡನ ಕೊರಳು ಬೋಳು. ಮಫ್ಲರ್ ರೂಮಿನಲ್ಲೇ ಬಿಟ್ಟಿರಾ, ಗಾಡಿ ನಿಲ್ಲಿಸಿ ಎಂದು ಗಾಬರಿಯಾದಳು.

"ನಿಲ್ಲಿಸಬೇಡ. ಹೋಟೆಲಿನ ಅಮ್ಮನ ಹತ್ರ ನಾನೇ ಇಟ್ಟುಬಂದೆ, ಅಡಿಕೆ ಅರಿಶಿನ ಕಟ್ಟಿ," ಎಂದರು ಮೂರ್ತಿಗಳು ಕಿಟಕಿಯಾಚೆ ನೋಡುತ್ತಾ. "ಮುಂದಿನ ವರ್ಷಕ್ಕೆ. ಬೆಳಿಗ್ಗೆ ಮುಹೂರ್ತ ಚೆನ್ನಾಗಿತ್ತು."